ಪುಟದ ನೆತ್ತಿಯ ಮೇಲಿನ ಸಾಲು

"ಅಕ್ಕಾ, ಊರ ಪುಟ ನನಗ ಕೊಟ್ಟಾರ್ರಿ. ಏನೇನು ನೋಡ್ಕೋಬೇಕು, ಒಂದೆರಡು ಮಾತು ಹೇಳ್ರಿ" ಎಂದು ನೀನು ಫೋನ್ ಮಾಡಿದಾಗ ನಾನು ನರಗುಂದದ ಎಪಿಎಂಸಿ ಯಾರ್ಡಿನಲ್ಲಿ ಹೆಸರುಕಾಳಿನ ಹರಾಜಿನ ಸುದ್ದಿ ಬರೆದುಕೊಳ್ಳುತ್ತ ನಿಂತಿದ್ದೆ. ಇಲ್ಲಿ ಗದ್ದಲ, ಆಮೇಲೆ ಮಾತಾಡೋಣ ಎಂದು ಫೋನ್ ಇಟ್ಟೆ. ಗದ್ದಲವಿದ್ದದ್ದು ನಿಜ. ಆದರೆ ಫೋನ್ ಇಟ್ಟದ್ದು ಅದಕ್ಕಲ್ಲ. ಆ ಪುಟದ ಹೆಸರು ಕೇಳಿದರೆ ನನಗೆ ಇವತ್ತಿಗೂ ಅಳು ಬರುತ್ತದೆ. ಹರಾಜು ಕೂಗುವವರ ನಡುವೆ ನಿಂತು ಕಣ್ಣೊರೆಸಿಕೊಂಡರೆ ನಾಳೆಯಿಂದ ಯಾರೂ ನನಗೆ ಸುದ್ದಿ ಕೊಡುವುದಿಲ್ಲ.

ತಲೆಬರಹ ಎಷ್ಟು ಉದ್ದವಿರಬೇಕು, ಫೋಟೋ ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಹೇಳಲು ಕಾಲೇಜು ಪತ್ರಿಕೆ ನೋಡಿಕೊಳ್ಳುವ ನಿಮ್ಮ ಸರ್ ಇದ್ದಾರೆ. ಹೇಳಿ ಹೇಳಿ ನಿನ್ನ ತಲೆ ಚಿಟ್ಟು ಹಿಡಿಸುತ್ತಾರೆ ಕೂಡ. ನಾನು ಈ ಕಾಗದದಲ್ಲಿ ಒಂದೇ ಒಂದು ಸಂಚಿಕೆಯ ಕಥೆ ಹೇಳುತ್ತೇನೆ. ಆ ಸಂಚಿಕೆಯಲ್ಲಿ ಊರ ಪುಟವನ್ನು ನನ್ನಿಂದ ವಹಿಸಿಕೊಂಡ ಹುಡುಗಿಯ ಕಥೆ ಅದು. ಅವಳು ಮೆಣಸಗಿಯವಳು. ಇವತ್ತು ನೀನು ಕೂತಿರುವ ಕುರ್ಚಿಯಲ್ಲಿ ಅಂದು ಕೂತಿದ್ದವಳು, ನಿನಗೆ ಬುದ್ಧಿ ಹೇಳಬೇಕಾದವಳು ಅವಳೇ, ನಾನಲ್ಲ.

ಆಗ ನಾನು ರೋಣದ ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪತ್ರಿಕೆ ಆಗಲೂ ಈಗಿನ ಹಾಗೆಯೇ ತಿಂಗಳಿಗೊಮ್ಮೆ, ನಾಲ್ಕು ಪುಟ. ಮೊದಲ ಪುಟದಲ್ಲಿ ಕಾಲೇಜು, ಎರಡರಲ್ಲಿ ಲೇಖನ, ಕೊನೆಯದರಲ್ಲಿ ಆಟೋಟ. ಮೂರನೆಯದು ಊರ ಪುಟ, ಅಂದರೆ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಿಂದ ತರುವ ಸುದ್ದಿ. ಪ್ರಾಚಾರ್ಯರಿಗೆ ಮೊದಲ ಪುಟ ಮುಖ್ಯ. ಓದುವವರಿಗೆ ಮೂರನೆಯದು.

ಕೊನೆಯ ವರ್ಷದವರು ಪರೀಕ್ಷೆಗೆ ಓದಬೇಕು, ಹಾಗಾಗಿ ವರ್ಷದ ನಡುವೆಯೇ ಪುಟವನ್ನು ಕಿರಿಯರಿಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ. ಒಂದು ಸಂಚಿಕೆಯನ್ನು ಹಳಬರು ಹೊಸಬರು ಇಬ್ಬರೂ ಕೂಡಿ ಮಾಡಬೇಕು. ಆ ಸಂಚಿಕೆಯಿಂದಲೇ ಹೊಸಬರ ಹೆಸರು ಪುಟದ ನೆತ್ತಿಯ ಮೇಲೆ ಬರುತ್ತದೆ. "ಊರ ಪುಟ" ಎಂಬ ದೊಡ್ಡ ಅಕ್ಷರದ ಕೆಳಗೆ "ನೋಡಿಕೊಂಡವರು" ಎಂದು ಹೆಸರು, ಪಕ್ಕದಲ್ಲಿ ಅವರ ಊರು. ನನ್ನ ಹೆಸರಿನ ಪಕ್ಕ ಅಬ್ಬಿಗೇರಿ ಎಂದು ಇರುತ್ತಿತ್ತು. ಊರವರು ಅದನ್ನು ನೋಡಿ ಖುಷಿಪಡಲಿ ಎಂದು ಹಿಂದೆ ಯಾರೋ ಶುರು ಮಾಡಿದ್ದು. ಖುಷಿಪಡುತ್ತಲೂ ಇದ್ದರು.

ಪತ್ರಿಕೆಯನ್ನು ಊರೂರಿಗೆ ಮುಟ್ಟಿಸುವುದಕ್ಕೂ ನಮ್ಮದೊಂದು ದಾರಿ ಇತ್ತು. ಅದು ನನ್ನ ತಲೆಯಿಂದ ಬಂದದ್ದು, ಅದಕ್ಕೆ ಭಾಳ ಬೀಗುತ್ತಿದ್ದೆ. ಕಟ್ಟೆಗೆ, ಚಹಾದಂಗಡಿಗೆ ಪ್ರತಿ ಹಾಕಿದರೆ ಗಂಡಸರು ಮಾತ್ರ ಓದುತ್ತಾರೆ. ಹೆಂಗಸರಿಗೆ ಮುಟ್ಟಬೇಕೆಂದರೆ ಹಿಟ್ಟಿನ ಗಿರಣಿಗೆ ಹಾಕಬೇಕು. ಜೋಳದ ಡಬ್ಬಿ ಇಟ್ಟು ಪಾಳಿ ಕಾಯುವವರು ಅವರೇ. ಕರೆಂಟ್ ಹೋಯಿತೆಂದರೆ ಗಿರಣಿ ನಿಲ್ಲುತ್ತದೆ, ಎಲ್ಲರೂ ಅಲ್ಲೇ ಕೂರುತ್ತಾರೆ, ಗಿರಣಿಯವನು ಮೊಳೆಗೆ ಸಿಕ್ಕಿಸಿದ ಪೇಪರ್ ತೆಗೆದು ದೊಡ್ಡ ದನಿಯಲ್ಲಿ ಓದುತ್ತಾನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ಗಿರಣಿಗೆ ಒಂದು ಪ್ರತಿ ಒಯ್ಯಬೇಕು ಎಂದು ನಾನು ನಿಯಮ ಮಾಡಿದ್ದೆ. ನಾವು ಅದನ್ನು ಗಿರಣಿ ಪ್ರತಿ ಎಂದೇ ಕರೆಯುತ್ತಿದ್ದೆವು.

ಮೆಣಸಗಿಯವಳು ಎರಡನೆಯ ವರ್ಷದಲ್ಲಿದ್ದಳು. ತಂದೆ ತಾಯಿ ಕೂಲಿ ಮಾಡುವವರು. ಹಿಂಗಾರಿನ ಬಿತ್ತನೆ ಮುಗಿದ ಮೇಲೆ ಮೇಸ್ತ್ರಿಯ ಗಾಡಿ ಹತ್ತಿ ಮಂಗಳೂರು ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅಷ್ಟು ದಿನ ಇವಳು ಅಜ್ಜಿಯ ಜೊತೆ ಊರಲ್ಲೇ ಇದ್ದು ಕಾಲೇಜಿಗೆ ಬರುತ್ತಿದ್ದಳು. ಮಾತು ಕಡಿಮೆ. ಆದರೆ ಅವಳ ಕೈಗೆ ಕೆಂಪು ಪೆನ್ನು ಕೊಟ್ಟರೆ ಮುಗಿಯಿತು, ನನ್ನ ಬರಹವನ್ನೂ ಬಿಡುತ್ತಿರಲಿಲ್ಲ. "ಅಕ್ಕಾ, ಈ ಸಾಲು ಚಂದ ಐತ್ರಿ. ಆದ್ರ ಇದರಾಗ ಸುದ್ದಿ ಎಲ್ಲೈತಿ?" ಎಂದು ಕೇಳಿ ಹೊಡೆದುಹಾಕುತ್ತಿದ್ದಳು. ಸಿಟ್ಟು ಬರುತ್ತಿತ್ತು. ಹೊಡೆದದ್ದು ಸರಿಯಾಗಿಯೇ ಇರುತ್ತಿತ್ತು.

ಕೂಡಿ ಮಾಡುವ ಸಂಚಿಕೆಗೆ ಏನು ಹಾಕೋಣ ಎಂದು ಕೇಳಿದಾಗ ಅವಳು ಬಸ್ಸಿನ ಸುದ್ದಿ ಎಂದಳು. ನದಿ ದಂಡೆಯ ಊರುಗಳಿಂದ ಬೆಳಗ್ಗೆ ಕಾಲೇಜಿನ ಹೊತ್ತಿಗೆ ರೋಣಕ್ಕೆ ಬರುವ ಬಸ್ಸು ಒಂದೇ. ಅದು ತುಂಬಿ ತುಳುಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಇದರಲ್ಲೇನು ಸುದ್ದಿ ಎಂದೆ. "ನೀವೊಮ್ಮೆ ಬಂದು ನೋಡ್ರಿ" ಎಂದಳು, ಅಷ್ಟೇ.

ಹೋದೆ. ಸಂಜೆ ಅವಳ ಜೊತೆಗೇ ಮೆಣಸಗಿಗೆ ಹೋಗಿ ಅವರ ಮನೆಯಲ್ಲಿ ಉಳಿದೆ. ಅವಳ ಅವ್ವ ಬಿಸಿ ರೊಟ್ಟಿ ತಟ್ಟಿ ಹಾಕುತ್ತಲೇ ಇದ್ದರು, ಸಾಕೆಂದರೆ ಕೇಳಲಿಲ್ಲ. ಅಪ್ಪ ಬಾಗಿಲ ಹತ್ತಿರ ಕೂತು ನನ್ನನ್ನು ವಿಚಾರಿಸಿಕೊಂಡರು.

"ಪೇಪರಿನ್ಯಾಗ ನಮ್ಮಾಕಿ ಹೆಸರು ಬರತೈತಂತಲ್ಲವಾ?"

"ಹೌದ್ರಿ ಕಾಕಾ. ಪುಟದ ನೆತ್ತಿ ಮ್ಯಾಲ ಬರತೈತಿ."

"ಊರ ಹೆಸರೂ ಹಾಕ್ತೀರೇನು?"

"ಊರ ಹೆಸರೂ ಹಾಕ್ತೀವ್ರಿ. ದಪ್ಪ ಅಕ್ಷರದಾಗ."

"ದಪ್ಪ ಅಕ್ಷರದಾಗ ಅಂತ ಕೇಳಿದೇನ?" ಎಂದು ಅವರು ಒಲೆಯ ಕಡೆ ತಿರುಗಿ ಹೆಂಡತಿಗೆ ಹೇಳಿದರು. ಅವ್ವ ನಕ್ಕು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಆ ಮುಖವನ್ನು ನಾನು ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ.

ಮರುದಿನ ಬೆಳಗ್ಗೆ ಬಸ್ಸು ಬರುವಾಗಲೇ ಒಂದು ಕಡೆಗೆ ವಾಲಿತ್ತು. ಹುಡುಗಿಯರೆಲ್ಲ ಮುಂದಿನ ಬಾಗಿಲಿನಿಂದ ಹತ್ತಿ, ಚೀಲವನ್ನು ಎದೆಗೆ ಅವಚಿಕೊಂಡು ಒಂದು ಮೂಲೆಯಲ್ಲಿ ಗುಂಪಾಗಿ ನಿಂತರು. ಮುಂದಿನ ಸ್ಟಾಪಿನಲ್ಲಿ ಪಡ್ಡೆ ಹುಡುಗರ ಒಂದು ಗುಂಪು ಹತ್ತಿತು. ಅವರಿಗೆ ಕಾಲೇಜಿಲ್ಲ, ಕೆಲಸವೂ ಇದ್ದಂತಿರಲಿಲ್ಲ. ಹಿಂದಿನ ಬಾಗಿಲು ಬಿಟ್ಟು ನೂಕಿಕೊಂಡು ಮುಂದಕ್ಕೇ ಬಂದರು. ಬಸ್ಸು ಕುಲುಕದಿದ್ದರೂ ಅವರು ಕುಲುಕುತ್ತಿದ್ದರು. ಒಬ್ಬ ನೆಟ್‌ವರ್ಕ್ ಹುಡುಕುವವನಂತೆ ಫೋನನ್ನು ಮೇಲೆತ್ತಿ ಹಿಡಿದಿದ್ದ. ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ, ಅವನು ಮುಂದೆ ಬರುವ ಮಾತೇ ಇಲ್ಲ.

ಆಗ ನೋಡಿದೆ. ಗುಂಪಿನ ಅಂಚಿನಲ್ಲಿ, ಆ ಹುಡುಗರಿಗೆ ತಾಗಿಕೊಂಡಂತೆ, ಒಬ್ಬಳೇ ಹುಡುಗಿ ಬೆನ್ನು ಕೊಟ್ಟು ನಿಂತಿದ್ದಳು. ದುಪಟ್ಟಾದ ಚುಂಗು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಉಳಿದವರೆಲ್ಲ ಅವಳ ಒಳಗಡೆ. ಅವಳ್ಯಾಕೆ ಅಲ್ಲಿ ನಿಂತಿದ್ದಾಳೆ, ಒಳಗೆ ಎಳೆದುಕೊಳ್ಳಿ ಎಂದೆ. ಮೆಣಸಗಿಯವಳು ನನ್ನ ಕಿವಿಯಲ್ಲಿ ಹೇಳಿದಳು, "ಇವತ್ತು ಆಕಿ ಪಾಳಿ ಅಕ್ಕಾ. ದಿನಕ್ಕೊಬ್ಬಾಕಿ ಹೊರಗ ನಿಲ್ತೇವಿ. ನಾಳೆ ನಂದು."

ನಾನೂ ಬಸ್ಸಲ್ಲಿ ಓಡಾಡಿದವಳೇ, ಆದರೆ ಹಿಂಸೆಯನ್ನು ಹೀಗೆ ಪಾಳಿ ಹಾಕಿ ಹಂಚಿಕೊಳ್ಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಗಿರಣಿಯಲ್ಲಿ ಅವರ ಅವ್ವಂದಿರು ಪಾಳಿ ಹಚ್ಚುವಂತೆಯೇ ಇತ್ತು ಅದು.

ವರದಿಯನ್ನು ಅವಳೇ ಬರೆದಳು. ನಾನು ಮೊದಲು ಅದನ್ನು ತಿದ್ದಿ ನೇರ್ಪುಗೊಳಿಸಿದ್ದೆ. "ವಿದ್ಯಾರ್ಥಿನಿಯರಿಗೆ ಅನನುಕೂಲ", "ಹೆಚ್ಚುವರಿ ಬಸ್ಸಿಗೆ ಆಗ್ರಹ" ಎಂದೆಲ್ಲ ಬರೆದು ಪಾಳಿಯ ಮಾತನ್ನು ತೆಗೆದೇಬಿಟ್ಟಿದ್ದೆ. ಸರ್ ಕೂಡ ಅದಕ್ಕೇ ಒಲವು ತೋರಿಸಿದರು, ಪ್ರಾಚಾರ್ಯರಿಗೆ ಉತ್ತರ ಹೇಳಬೇಕಾದವರು ಅವರು ತಾನೆ. ಅವಳು ಒಪ್ಪಲಿಲ್ಲ.

"ಬಸ್ಸಿನ್ಯಾಗ ಗದ್ದಲ ಐತಿ ಅಂತ ಎಷ್ಟು ಸಲ ಅರ್ಜಿ ಕೊಟ್ಟೇವ್ರಿ ಸರ್. ಗದ್ದಲ ಎಲ್ಲಿಲ್ಲ ಅಂತಾರ ಡಿಪೋದವರು. ಪಾಳಿ ಹಚ್ಚೀವಿ ಅನ್ನೂದು ಓದಿದ್ರ ಅವರ ಮನ್ಯಾಗೂ ಹೆಣ್ಣುಮಕ್ಕಳು ಅದಾರಲ್ರಿ, ತಿಳೀತೈತಿ. ಪುಟ ನನಗ ಕೊಟ್ಟೀರಿ ಅಂದ್ರ ಇದನ್ನ ಹಾಕ್ತೀನಿ. ಇಲ್ಲಂದ್ರ ನೀವ ಇಟ್ಕೋರಿ ಪುಟಾನ."

ಸರ್ ನನ್ನ ಮುಖ ನೋಡಿದರು. ಪುಟ ಅವಳದು, ಅವಳು ಹೇಳಿದ ಹಾಗೇ ಆಗಲಿ ಎಂದೆ. ಹೆಮ್ಮೆಯಿಂದ ಹೇಳಿದ ಮಾತು ಅದು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೋ ಏನೋ ನನಗೆ ಗೊತ್ತಿಲ್ಲ.

ಹಾಕುವುದೆಂದು ನಿಶ್ಚಯವಾದ ಮೇಲೆ ನಾವು ತೆಗೆದುಕೊಂಡ ಎಚ್ಚರಿಕೆ ಒಂದೆರಡಲ್ಲ. ಆ ಬಸ್ಸಿನ ಪ್ರತಿಯೊಬ್ಬ ಹುಡುಗಿಯನ್ನೂ ಕಾಲೇಜಿನ ಬೇವಿನ ಗಿಡದ ಕೆಳಗೆ ಒಬ್ಬೊಬ್ಬಳನ್ನಾಗಿ ಕೂರಿಸಿ ಬರೆದದ್ದನ್ನು ಓದಿ ಹೇಳಿದೆವು. ಹಾಕಲೇ ಎಂದು ಕೇಳಿದೆವು. ಎಲ್ಲರೂ ಹಾಕ್ರಿ ಎಂದರು. ಒಂದೂ ಹೆಸರಿಲ್ಲ. ಊರಿನ ಹೆಸರಿಲ್ಲ, "ನದಿ ದಂಡೆಯ ಊರುಗಳಿಂದ ಬರುವ ಬಸ್ಸು" ಎಂದಷ್ಟೇ. ಆ ದಾರಿಯಲ್ಲಿ ಊರುಗಳು ಸಾಕಷ್ಟಿದ್ದವು, ಯಾರೂ ಇಂಥವರೇ ಎಂದು ಬೊಟ್ಟು ಮಾಡುವಂತಿರಲಿಲ್ಲ. ಯಾವ ತರಗತಿ, ಯಾವ ಬಣ್ಣದ ಚೂಡಿದಾರ, ಯಾವ ಸ್ಟಾಪು ಎಂಬುದನ್ನೆಲ್ಲ ತೆಗೆದೆವು. ಸ್ಟಾಪಿನ ಹೆಸರು, ಹುಡುಗರ ಚಹರೆ ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಡಿಪೋದ ಮ್ಯಾನೇಜರಿಗೆ ಮಾತ್ರ ಕೊಟ್ಟೆವು.

ಪುಟ ಕಟ್ಟುವಾಗ ಎಂದಿನ ಕಾಟ. ಮೊಬೈಲಿನಲ್ಲಿ ಟೈಪ್ ಮಾಡಿದ್ದನ್ನು ನುಡಿ ಅಕ್ಷರಕ್ಕೆ ಬದಲಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಕೂತು ಒಂದೊಂದಾಗಿ ಕೂಡಿಸಿದೆವು. ಮೂರು ಕಾಲಮ್ಮಿನ ವರದಿ, ಮೇಲೆ ತಲೆಬರಹ, ಬದಿಯಲ್ಲಿ ಮಳೆ ಬೆಳೆಯ ಸಣ್ಣ ಸುದ್ದಿಗಳು. ನಾನು ಓದಿದೆ, ಅವಳು ಓದಿದಳು, ಸರ್ ಓದಿದರು. ಗಜೇಂದ್ರಗಡದ ಪ್ರೆಸ್ಸಿಗೆ ಇಬ್ಬರೂ ಹೋದೆವು. ಅಲ್ಲಿಯ ಚಾಚಾ ಕೊನೆಯ ಪ್ರೂಫ್ ಹಾಳೆಯನ್ನು ನಮ್ಮ ಮುಂದೆ ಹಾಸಿ, ಪ್ರತಿ ಸಲ ಹೇಳುವುದನ್ನೇ ಹೇಳಿದರು. "ನೋಡ್ಕೋರಿ ಬೇಟಿ. ಪ್ಲೇಟ್ ಆದ ಮ್ಯಾಲ ಅಲ್ಲಾನ ಬಂದ್ರೂ ಬದಲ್ ಆಗೂದಿಲ್ಲ."

ನೋಡಿಕೊಂಡೆವು. ತಲೆಬರಹದಿಂದ ಹಿಡಿದು ಕೊನೆಯ ಪೂರ್ಣವಿರಾಮದವರೆಗೆ ಬೆರಳಿಟ್ಟು ಓದಿದೆವು. ಒಂದು ಕಡೆ ದೀರ್ಘ ತಪ್ಪಿತ್ತು, ಸರಿಪಡಿಸಿದೆವು. ಪುಟದ ನೆತ್ತಿಯ ಮೇಲಿನ ಸಾಲನ್ನು ಮಾತ್ರ ಯಾರೂ ಓದಲಿಲ್ಲ. ಅದನ್ನು ಯಾರು ಓದುತ್ತಾರೆ? ಪ್ರತಿ ತಿಂಗಳೂ ಇರುವುದು ಅದು, ಮನೆಯ ಹೊಸ್ತಿಲಿನ ಹಾಗೆ, ದಾಟುತ್ತೇವೆ ಹೊರತು ನೋಡುವುದಿಲ್ಲ. ಹೊಸ ಹೆಸರು ಸರಿಯಾಗಿ ಬಂದಿದೆಯೇ ಎಂದು ಅವಳು ಒಮ್ಮೆ ಕಣ್ಣು ಹಾಯಿಸಿ ನಾಚಿ ನಕ್ಕಿದ್ದಳು, ಅಷ್ಟೇ. ಊರ ಪುಟ. ನೋಡಿಕೊಂಡವರು, ಅವಳ ಹೆಸರು, ಮೆಣಸಗಿ. ದಪ್ಪ ಅಕ್ಷರದಲ್ಲಿ.

ವರದಿಯ ಒಳಗಿಂದ ನಾವು ಜರಡಿ ಹಿಡಿದು ತೆಗೆದದ್ದೆಲ್ಲವೂ ಅದೇ ಪುಟದ ತಲೆಯ ಮೇಲೆ ಕೂತಿತ್ತು.

ಪತ್ರಿಕೆ ಹೊರಬಂದ ಮೊದಲ ದಿನಗಳು ಹಬ್ಬದಂತಿದ್ದವು. ಡಿಪೋ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿ, ಓದಿದೆ, ಮನಸ್ಸಿಗೆ ಹತ್ತಿತು, ಮತ್ತೊಂದು ಬಸ್ಸು ಬಿಡಿಸಲು ಮೇಲಿನ ಕಚೇರಿಗೆ ಬರೆಯುತ್ತೇನೆ ಎಂದರು. ಆ ಪಡ್ಡೆ ಹುಡುಗರು ಒಂದಿಷ್ಟು ದಿನ ಬಸ್ಸಿನಲ್ಲಿ ಕಾಣಿಸಲಿಲ್ಲ. ಸರ್ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಸಿದರು. ಮೆಣಸಗಿಯವಳು ಗಿರಣಿ ಪ್ರತಿಯನ್ನು ತಾನೇ ಒಯ್ದು ಮೊಳೆಗೆ ಸಿಕ್ಕಿಸಿ ಬಂದಳು.

ಅದೇ ವಾರ ಗಿರಣಿಯಲ್ಲಿ ಕರೆಂಟ್ ಹೋಯಿತು. ಗಿರಣಿಯವನು ಎಂದಿನಂತೆ ಪೇಪರ್ ತೆಗೆದು ಮೇಲಿನಿಂದ ಓದತೊಡಗಿದ. ಮೇಲಿನಿಂದ ಅಂದರೆ ನೆತ್ತಿಯಿಂದ. ನಮ್ಮೂರ ಹುಡುಗಿಯ ಹೆಸರು ಬಂದಿದೆ ನೋಡಿ ಎಂದು ಹೆಮ್ಮೆಯಿಂದಲೇ ಓದಿದನಂತೆ. ಆಮೇಲೆ ಕೆಳಗಿನದನ್ನು ಓದಿದ. ಪಾಳಿಯ ಮಾತನ್ನೂ ಬಿಡದೆ ಓದಿದನಂತೆ. ಆ ಬಸ್ಸಿಗೆ ಮಗಳನ್ನು ಕಳಿಸುವ ತಾಯಂದಿರು ಅಲ್ಲೇ ಡಬ್ಬಿಗಳ ಪಕ್ಕ ಕೂತಿದ್ದರು. ಬರೆದವಳು ಮೆಣಸಗಿಯವಳು ಎಂದರೆ ಬಸ್ಸು ಮೆಣಸಗಿಯದು, ಹೊರಗೆ ನಿಲ್ಲುವವರು ತಮ್ಮ ಮಕ್ಕಳೇ. ಇಷ್ಟು ತಿಳಿಯಲು ಯಾರಿಗೂ ಕಾಲೇಜು ಕಲಿಯಬೇಕಾಗಿಲ್ಲ. ಒಬ್ಬ ತಾಯಿ ಹಿಟ್ಟು ಬೀಸಿಸದೆ ಡಬ್ಬಿ ಎತ್ತಿಕೊಂಡು ಮನೆಗೆ ಹೋದರಂತೆ.

ಮರುದಿನ ಆ ತಾಯಿಯ ಮಗಳು ಕಾಲೇಜಿಗೆ ಬರಲಿಲ್ಲ. ಆಮೇಲೆ ಇನ್ನೊಬ್ಬಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಜಗಳ ಮಾಡಲಿಲ್ಲ. ಹೆದರಿದರು, ಸುಮ್ಮನೆ ಮನೆಯಲ್ಲಿ ಉಳಿಸಿಕೊಂಡರು. ಬೈದಿದ್ದರೆ ನಾನೂ ಎದುರಿಗೆ ನಾಲ್ಕು ಮಾತಾಡುತ್ತಿದ್ದೆ. ಹೆದರಿದವರ ಹತ್ತಿರ ಏನು ವಾದ ಮಾಡುವುದು?

ಮೆಣಸಗಿಯವಳು ಎಲ್ಲರಿಗಿಂತ ಹೆಚ್ಚು ದಿನ ಬಂದಳು. ಕೊನೆಗೆ ಒಬ್ಬಳೇ ಬರುತ್ತಿದ್ದಳು, ಅಂದರೆ ದಿನವೂ ಅವಳದೇ ಪಾಳಿ. ಒಂದು ದಿನ ಅವಳ ಬದಲು ಅವಳ ಅಪ್ಪ ಕಾಲೇಜಿಗೆ ಬಂದರು. ಪತ್ರಿಕೆಯ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾನು ಹೆಸರ ಅಷ್ಟ ಓದಿದ್ದೆ ಯವ್ವಾ" ಎಂದರು. "ಖುಷಿ ಆತು. ಕಟ್ಟಿಮ್ಯಾಲ ಎಲ್ಲಾರಿಗೂ ತೋರಿಸಿದೆ. ಚಹಾದಂಗಡ್ಯಾಗ ತೋರಿಸಿದೆ. ನಮ್ಮಾಕಿ ನೋಡ್ರಿ, ದಪ್ಪ ಅಕ್ಷರದಾಗ ಅಂತ. ಕೆಳಗಿಂದು ಓದಿದ್ದಿಲ್ಲ. ಅವರು ಓದಿ ಹೇಳಿದ್ರು."

ಸರ್ ಸಮಾಧಾನ ಹೇಳಲು ಹೋದರು. ಅವರು ಕೈಯೆತ್ತಿ ತಡೆದರು.

"ಆಕಿ ತಪ್ಪ ಮಾಡ್ಯಾಳ ಅನ್ನೂದಿಲ್ರಿ ಸರ್. ಖರೇ ಬರದಾಳ. ಖರೇ ಅಂತ ಗೊತ್ತಾದ ಮ್ಯಾಲ ಹ್ಯಾಂಗ ಕಳಸ್ಲಿ? ಬ್ಯಾರೆ ಬಸ್ಸು ಬರಲಿ, ಮೊದಲ್ನೇ ದಿನಾ ನಾನ ಕುಂದ್ರಿಸಿ ಕಳಸ್ತೀನಿ. ಆದ್ರ ಬಿತ್ತಿಗೆ ಮುಗೀತಂದ್ರ ಮೇಸ್ತ್ರಿ ಗಾಡಿ ಬರತೈತಿ. ಅಷ್ಟರಾಗ ಬಸ್ಸು ಬಂತಂದ್ರ ಆಕಿನ್ನ ಅಜ್ಜಿ ಕಡೆ ಬಿಟ್ಟು ಹೋಗ್ತೇವಿ. ಇಲ್ಲಂದ್ರ ಈ ಸಲ ಜೋಡಿಗೆ ಕರ್ಕೊಂಡು ಹೋಗ್ತೇವಿ."

ಇದಾದ ಮೇಲೆ ನಾನು ಪರೀಕ್ಷೆಯ ಓದು ಮರೆತು ಬಸ್ಸಿನ ಬೆನ್ನು ಹತ್ತಿದೆ. ಮೇಸ್ತ್ರಿಯ ಗಾಡಿ ಬರುವುದರೊಳಗೆ ಬಸ್ಸು ಬರಬೇಕು. ಬೇರೆ ಏನೂ ನನ್ನ ತಲೆಯಲ್ಲಿರಲಿಲ್ಲ.

ಡಿಪೋ ಮ್ಯಾನೇಜರ್ ಒಳ್ಳೆಯ ಮನುಷ್ಯರೇ. ಆದರೆ ಹೊಸ ಬಸ್ಸು ಬಿಡುವುದು ಅವರ ಕೈಯಲ್ಲಿರಲಿಲ್ಲ. ಕಾಲೇಜಿನಿಂದ ಮನವಿ ಬೇಕು ಎಂದರು, ಕೊಟ್ಟೆವು. ಪ್ರಾಚಾರ್ಯರ ಮೊಹರಿಲ್ಲವೆಂದು ಅದು ಮೇಲಿನಿಂದ ವಾಪಸು ಬಂತು. ಮೊಹರು ಹಾಕಿಸಿ ಮತ್ತೆ ಕೊಟ್ಟೆವು. ಆಮೇಲೆ ದಾರಿಯ ಸರ್ವೆ ಆಗಬೇಕು ಎಂದರು. ಡಿಪೋದ ಒಬ್ಬರು ಕಂಟ್ರೋಲರ್ ಬೆಳಗ್ಗೆ ಮೆಣಸಗಿ ಸ್ಟಾಪಿನಲ್ಲಿ ನಿಂತು ಎಷ್ಟು ಜನ ವಿದ್ಯಾರ್ಥಿನಿಯರು ಬಸ್ಸಿಗೆ ಕಾಯುತ್ತಾರೆಂದು ಎಣಿಸಿಕೊಂಡು ಹೋದರು. ಒಬ್ಬರೂ ಇರಲಿಲ್ಲ. ಹೇಗೆ ಇರುತ್ತಾರೆ? ಅಗತ್ಯವಿಲ್ಲ ಎಂದು ವರದಿ ಹೋಯಿತು.

ಅವತ್ತು ಡಿಪೋದ ಮುಂದಿನ ಕಟ್ಟೆಯ ಮೇಲೆ ಕೂತು ನಾನು ಅತ್ತೆ. ಬಸ್ಸಿಲ್ಲದ್ದಕ್ಕೆ ಹುಡುಗಿಯರಿಲ್ಲ, ಹುಡುಗಿಯರಿಲ್ಲದ್ದಕ್ಕೆ ಬಸ್ಸಿಲ್ಲ. ಈ ಗಂಟನ್ನು ಬಿಡಿಸುವ ಬುದ್ಧಿ ನನ್ನಲ್ಲಿರಲಿಲ್ಲ. ಬಿಡಿಸಿದವಳು ಮೆಣಸಗಿಯವಳೇ. ಅಪ್ಪನ ಫೋನಿನಿಂದ ಮಾತಾಡುತ್ತ, "ಅಕ್ಕಾ, ಸ್ಟಾಪಿನ್ಯಾಗ ಯಾಕ ಎಣಸ್ತೀರಿ? ಪಾಸ್ ಮಾಡ್ಸೀವಲ್ರಿ ಎಲ್ಲಾರೂ. ಪಾಸ್ ಕೊಟ್ಟಾವ್ರು ಅವರ. ಅವರ ಕಾಗದಾನ ಅವರ ಮುಂದ ಇಡ್ರಿ" ಎಂದಳು. ಆ ಹುಡುಗಿಯರ ಬಸ್ ಪಾಸುಗಳ ಜೆರಾಕ್ಸ್ ಕೂಡಿಸಲು ಮನೆಮನೆಗೆ ಹೋದೆ. ಎಲ್ಲರ ಮನೆಯಲ್ಲೂ ಚಹಾ ಕೊಟ್ಟರು, ಪಾಸೂ ಕೊಟ್ಟರು. ಮಗಳನ್ನು ಕಳಿಸುತ್ತೇವೆ ಎಂದು ಮಾತ್ರ ಯಾರೂ ಹೇಳಲಿಲ್ಲ, ಬಸ್ಸು ಬರಲಿ ನೋಡೋಣ ಎಂದರು.

ಪಾಸುಗಳನ್ನು ನೋಡಿ ಮ್ಯಾನೇಜರ್ ಮೇಲಿನವರೊಂದಿಗೆ ಫೋನಿನಲ್ಲಿ ಜೋರಾಗಿಯೇ ಮಾತಾಡಿದರು. ಬಸ್ಸು ಮಂಜೂರಾಯಿತು. ಬರುವ ಸೋಮವಾರದಿಂದ, ಬೆಳಗ್ಗೆ ಮತ್ತು ಸಂಜೆ, ಮೆಣಸಗಿಯಿಂದಲೇ ಹೊರಡುತ್ತದೆ. ನಾನು ಡಿಪೋದಿಂದ ಓಡಿಬಂದು ಅವಳ ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಗಾಡಿಯ ಸದ್ದು, ಗಾಳಿಯ ಸದ್ದು.

"ದಾರ್ಯಾಗ ಅದೇವಿ ಯವ್ವಾ. ಇವತ್ತು ಮುಂಜಾನೆ ಹೊಂಟೇವಿ" ಎಂದರು.

ಕಾಕಾ, ಸೋಮವಾರ ಬಸ್ಸು ಬರುತ್ತದೆ, ಇಳಿಸಿಬಿಡಿ ಅವಳನ್ನು, ನಾನು ಬಂದು ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೆ. ಏನೇನೋ ಅಂದೆ.

"ಒಂದ ಗಾಡ್ಯಾಗ ನಾಕು ಮನಿ ಮಂದಿ ಅದೇವಿ. ನನ್ನ ಮಗಳ ಸಲುವಾಗಿ ಹ್ಯಾಂಗ ನಿಂದ್ರಸ್ಲಿ? ಮೇಸ್ತ್ರಿಗೆ ಮಾತು ಕೊಟ್ಟೀನಿ, ಆಕಿನ್ನೂ ಸೇರಿಸಿ ಕೊಟ್ಟೀನಿ. ನೀ ಲಗೂ ಹೇಳಬೇಕಿತ್ತು ಯವ್ವಾ" ಎಂದರು. ಬೈಗುಳವಾಗಿರಲಿಲ್ಲ ಅದು. ಅವರ ದನಿ ಒಡೆದಿತ್ತು.

ಸೋಮವಾರ ಬೆಳಗ್ಗೆ ನಾನು ಮೆಣಸಗಿಗೆ ಹೋಗಿ ಆ ಬಸ್ಸು ಹತ್ತಿದೆ. ತೊಳೆದ ಬಸ್ಸು, ಸ್ಟೇರಿಂಗಿಗೆ ಡ್ರೈವರ್ ಹೂವಿನ ಮಾಲೆ ಹಾಕಿದ್ದ. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಕಂಡಕ್ಟರ್ ಸೀಟಿ ಊದದೆ ಸ್ವಲ್ಪ ಹೊತ್ತು ಕಾದ. "ಹುಡಿಗ್ಯಾರ ಸಲುವಾಗಿ ಬಿಟ್ಟಾರ ಅಂದ್ರಲ್ರಿ. ಎಲ್ಲಿ ಅದಾರ ಅವರು?" ಎಂದು ನನ್ನನ್ನೇ ಕೇಳಿದ. ಬಸ್ಸು ಹೊರಟಿತು.

ಅವಳ ಅಪ್ಪನ ಫೋನಿಗೆ ಮಾಡಿ ಅವಳನ್ನು ಕರೆಸಿದೆ. ಕಾಂಕ್ರೀಟ್ ಕಲಸುವ ಯಂತ್ರದ ಸದ್ದಿನ ನಡುವೆ ಅವಳ ದನಿ ಕೇಳಿಸಿತು. ಬಸ್ಸು ಬಂತು ಎಂದೆ.

"ಖರೇನ ಬಂತೇನ್ರಿ ಅಕ್ಕಾ? ನೀವು ಅದರಾಗ ಅದೀರೇನು?"

"ಅದರಾಗ ಅದೀನಿ."

"ಸೀಟು ಸಿಕ್ಕೈತೇನ್ರಿ?"

"ಸಿಕ್ಕೈತಿ."

"ಕಿಡಕಿ ಕಡೆ ಕುಂದರ್ರಿ ಅಕ್ಕಾ. ನದಿ ಕಾಣತೈತಂತ ಅಲ್ಲಿಂದ. ನಾ ಒಂದಿನಾನೂ ನೋಡಿಲ್ಲ."

ಕಿಟಕಿಯ ಹತ್ತಿರವೇ ಕೂತಿದ್ದೇನೆ, ನದಿ ಕಾಣುತ್ತಿದೆ ಎಂದೆ. ನಾನು ನಿಂತಿದ್ದೆ. ಇಡೀ ಬಸ್ಸು ಖಾಲಿ ಇದ್ದರೂ ನನಗೆ ಕೂರಲು ಆಗಲಿಲ್ಲ. ಹುಡುಗಿಯರು ಗುಂಪಾಗಿ ನಿಲ್ಲುತ್ತಿದ್ದ ಆ ಮೂಲೆಯಲ್ಲಿ ಕಂಬ ಹಿಡಿದು ರೋಣದವರೆಗೆ ನಿಂತೇ ಬಂದೆ.

ಒಂದು ಸುದ್ದಿ ಹಾಕಿದರೆ ಅದು ಮುಂದೇನಾಯಿತು ಎಂದು ಮುಂದಿನ ಸಂಚಿಕೆಯಲ್ಲಿ ಹೇಳಲೇಬೇಕು ಎಂದು ಅವಳಿಗೆ ಕಲಿಸಿದವಳು ನಾನು. ಆದ್ದರಿಂದ ಬರೆಯಲೇಬೇಕಾಯಿತು. "ಪತ್ರಿಕೆಯ ವರದಿಗೆ ಸ್ಪಂದನೆ, ನದಿ ದಂಡೆಯ ಊರುಗಳಿಗೆ ಹೊಸ ಬಸ್ಸು" ಎಂದು ಶುರುಮಾಡಿ, ಮ್ಯಾನೇಜರಿಗೆ ಕೃತಜ್ಞತೆ ಹೇಳಿ, ಸಮಯ ಕೊಟ್ಟು, ಕಟ್ಟಕಡೆಯಲ್ಲಿ "ಮೊದಲ ದಿನ ಬಸ್ಸಿನಲ್ಲಿ ವಿದ್ಯಾರ್ಥಿನಿಯರು ಇರಲಿಲ್ಲ" ಎಂದು ಒಂದು ಸಾಲು ಸೇರಿಸಿದೆ. ಪುಟ ಇನ್ನೂ ಅವಳದೇ ಆಗಿತ್ತು, ಹಾಗಾಗಿ ಓದಿ ಹೇಳಲು ಫೋನ್ ಮಾಡಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಪೂರ್ತಿ ಕೇಳಿಸಿಕೊಂಡಳು.

"ಕಡೀ ಸಾಲು ಮ್ಯಾಲ ತಗೊಳ್ರಿ ಅಕ್ಕಾ" ಎಂದಳು.

ಬೇಡ, ಓದಿದವರಿಗೆ ಏನನ್ನಿಸೀತು ಎಂದೆ. ಇಷ್ಟು ಒದ್ದಾಡಿ ಬಸ್ಸು ತಂದಿದ್ದೇವೆ ಎಂದೆ.

"ಬಸ್ಸು ಬಂದಿದ್ದು ಸುದ್ದಿ ಅಲ್ರಿ. ಬಸ್ಸಿನ್ಯಾಗ ನಾವು ಇದ್ದಿದ್ದಿಲ್ಲ ಅನ್ನೂದು ಸುದ್ದಿ. ಅದನ್ನ ಕಡೀಕ ಹಾಕಿದ್ರ ಯಾರೂ ಓದೂದಿಲ್ಲ, ನೀವ ಹೇಳ್ತಿದ್ರಿ."

ಮೇಲಕ್ಕೆ ತೆಗೆದುಕೊಂಡೆ. ಇಂಥ ಸಂಪಾದಕಿ ಎಲ್ಲೋ ಇಟ್ಟಿಗೆ ಹೊರುತ್ತಿದ್ದಾಳೆ ಎಂದು ಎಣಿಸಿ ನನಗೆ ಆ ಕಂಪ್ಯೂಟರನ್ನು ಎತ್ತಿ ಕಿಟಕಿಯಿಂದ ಎಸೆಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನೆತ್ತಿಯ ಮೇಲಿನ ಸಾಲನ್ನು ಏನು ಮಾಡೋಣ ಎಂದು ಕೇಳಿದಾಗ, ಹೆಸರು ಇರಲಿ, ಊರು ತೆಗೆಯಿರಿ ಎಂದಳು. ಹಾಗೆಯೇ ಮಾಡಿದೆ.

ಗಿರಣಿ ಪ್ರತಿಯನ್ನು ಮೆಣಸಗಿಗೆ ನಾನೇ ಒಯ್ದೆ. ಗಿರಣಿಯವನು ನನ್ನ ಮುಖ ನೋಡಲಿಲ್ಲ. ಪಾಳಿಯಲ್ಲಿ ಕೂತಿದ್ದ ಒಬ್ಬ ತಾಯಿ ಮಾತ್ರ ಹತ್ತಿರ ಕರೆದು, "ಆ ಬಸ್ಸು ಮುಂದನೂ ಬರತೈತೇನವಾ? ನಮ್ಮ ಸಣ್ಣಾಕಿ ಈಗ ಹತ್ತನೇ ಕ್ಲಾಸಿನ್ಯಾಗ ಅದಾಳ. ಜೂನಿಗೆ ರೋಣದ ಕಾಲೇಜಿಗೆ ಹಚ್ಚಬೇಕಂತೀನಿ" ಎಂದರು. ಬರುತ್ತದೆ ಎಂದು ನಾನು ಅವರ ಕೈ ಹಿಡಿದು ಹೇಳಿದೆ. ಆ ಕ್ಷಣ ನಂಬಿಯೇ ಹೇಳಿದೆ.

ಜೂನ್ ಬರುವುದಕ್ಕೆ ಮುಂಚೆಯೇ ಬಸ್ಸು ನಿಂತಿತು. ಪ್ರಯಾಣಿಕರಿಲ್ಲದ ಬಸ್ಸನ್ನು ಎಷ್ಟು ದಿನ ಓಡಿಸುತ್ತಾರೆ? ನಾನು ಡಿಪೋಗೆ ಹೋದಾಗ ಆ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಫೈಲು ತಿರುವಿ ನೋಡಿ, "ಹುಡಿಗ್ಯಾರ ಇದ್ದಿದ್ದಿಲ್ಲಲ್ಲವಾ ಆ ಬಸ್ಸಿಗೆ? ಸುಮ್ಮನ ಪೇಪರಿನ್ಯಾಗ ಬರದು ಬಸ್ಸು ಬಿಡಿಸಿದ್ರೇನು?" ಎಂದರು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹೊರಗೆ ಬಂದುಬಿಟ್ಟೆ.

ಅವಳು ಆ ವರ್ಷ ಪರೀಕ್ಷೆಗೆ ಕೂರಲಿಲ್ಲ, ಹಾಜರಿ ಸಾಲಲಿಲ್ಲ. ಮರುವರ್ಷ ಬರುತ್ತೇನೆಂದಿದ್ದಳು. ಬರಲಿಲ್ಲ. ಉಳಿದ ಹುಡುಗಿಯರಲ್ಲಿ ಒಬ್ಬಿಬ್ಬರು ರೋಣದಲ್ಲಿ ನೆಂಟರ ಮನೆಯಲ್ಲಿದ್ದು ಓದಿ ಮುಗಿಸಿದರು.

ಇನ್ನು ನೀನು ಕೇಳಿದ ಒಂದೆರಡು ಮಾತು. ಬರೆಯಬೇಡ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಅವಳು ನನ್ನನ್ನು ಕ್ಷಮಿಸುವುದಿಲ್ಲ. ಹಾಕಲೇ ಎಂದಷ್ಟೇ ಕೇಳಿ ನಿಲ್ಲಿಸಬೇಡ. ಇದು ಅಚ್ಚಾದ ಮರುದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಕೇಳು. ಉತ್ತರ ಗೊತ್ತಿಲ್ಲವೆಂದರೆ ಅವರ ಅವ್ವನನ್ನು ಕೇಳು. ವರದಿ ಬರೆಯುವ ಮೊದಲು ಗಿರಣಿಗೆ ಹೋಗು, ಬರೆದ ಮೇಲೆ ಅಲ್ಲ. ನಾವು ಹುಡುಗಿಯರನ್ನು ಬೇವಿನ ಗಿಡದ ಕೆಳಗೆ ಕೇಳಿದೆವು, ತಾಯಂದಿರನ್ನು ಕೇಳಲಿಲ್ಲ. ಕೇಳಿದ್ದರೆ ಅವರೇ ಡಬ್ಬಿ ಇಳಿಸಿ ನಮ್ಮ ಜೊತೆ ಡಿಪೋಗೆ ಬರುತ್ತಿದ್ದರೋ ಏನೋ. ಮತ್ತೆ ಪುಟವನ್ನು ನೆತ್ತಿಯಿಂದ ಓದು. ಯಾರೂ ಓದದ ಸಾಲನ್ನು ಮೊದಲು ಓದು.

ಮೊನ್ನೆ ಅವಳಿಗೆ ನಿನ್ನ ವಿಷಯ ಹೇಳಿದೆ. ಈಗ ಅವಳ ಬಳಿ ಸ್ವಂತ ಫೋನ್ ಇದೆ. ಹೊಸಬಳು ಹೇಗಿದ್ದಾಳೆ ಎಂದು ಕೇಳಿದಳು, ಚಂದದ ಸಾಲುಗಳ ಹುಚ್ಚು ಇದೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಮೊದಲ್ನೇ ಪುಟ ಕಟ್ಟಿದ ಮ್ಯಾಲ ನನಗ ಕಳಸಾಕ ಹೇಳ್ರಿ ಅಕ್ಕಾ. ಪ್ರೆಸ್ಸಿಗೆ ಹೋಗೂ ಮುಂಚೇನ. ಮಧ್ಯಾಹ್ನ ಊಟದ ಹೊತ್ತಿನ್ಯಾಗ ನೋಡ್ತೀನಿ" ಎಂದಳು.

ನಂಬರ್ ಕೆಳಗೆ ಬರೆದಿದ್ದೇನೆ. ಪುಟವನ್ನು ನನಗೆ ಕಳಿಸಬೇಡ, ಅವಳಿಗೆ ಕಳಿಸು. ಅದು ಅವಳ ಪುಟ.